ಕಂಡ ಕಂಡಲ್ಲಿ ವರ್ಷನ್ ಬರೆಯುವ ಮಹಾನುಭಾವರಿಗೆ

ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು, ಇವತ್ತು ಕಾರಿಕೊಂಡುಬಿಡುತ್ತೇನೆ. ಜಾವಾ ಅಂದ್ರೆ ಅಲರ್ಜಿ ಇರುವ ಕವಿಮಿತ್ರರು ಈ ಪೋಸ್ಟನ್ನು ಹಾರಿಸಿಕೊಂಡು ಹೋಗಬಹುದು, ಬೇಜಾರಿಲ್ಲ :-)

ಮೊನ್ನೆ ಸಹೋದ್ಯೋಗಿಯೊಬ್ಬರು ಕಾಫಿ ಹೀರುತ್ತಾ "ಡಿಪೆಂಡೆನ್ಸಿಗಳ ಚಿಂತೆ ನಮಗ್ಯಾಕೆ ಸಾರ್, ಎಲ್ಲ ಮೇವನ್ ನೋಡಿಕೊಳ್ಳುತ್ತೆ" ಅಂದರು. ನೋಡಿಕೊಳ್ಳುತ್ತೆ, ನಿಜ. ಹೇಗೆ ಅಂತ ಗೊತ್ತಾ? ನಾವು ಕೇಳಿದ ಲೈಬ್ರರಿ ಇನ್ನೊಂದನ್ನು ಎಳೆದು ತರುತ್ತೆ, ಅದು ಮತ್ತೊಂದನ್ನ. ಒಂದೇ ಜಾರ್‌ನ 1.0 ಒಂದು ದಾರಿಯಲ್ಲಿ, 2.0 ಇನ್ನೊಂದು ದಾರಿಯಲ್ಲಿ ಬಂದರೆ ಮೇವನ್ ಹೊಸದನ್ನು ಆರಿಸುತ್ತೆ ಅಂದುಕೊಂಡಿದ್ದೀರಾ? ಇಲ್ಲ ಸ್ವಾಮಿ. ಅದು ಆರಿಸೋದು ಹತ್ತಿರದ್ದನ್ನು. ಎರಡು ಹೆಜ್ಜೆ ದೂರದ 1.0 ಗೆಲ್ಲುತ್ತೆ, ಮೂರು ಹೆಜ್ಜೆ ದೂರದ 2.0 ಸೋಲುತ್ತೆ. ಡಾಕ್ಟರ ಮಾತಿಗಿಂತ ಪಕ್ಕದ್ಮನೆಯವರ ಮಾತೇ ಹೆಚ್ಚು ಅನ್ನೋ ಹಾಗೆ! ದೂರ ಸಮ ಆದರೆ, ಪಾಮ್ ಫೈಲಿನಲ್ಲಿ ಮೊದಲು ಬರೆದದ್ದಕ್ಕೆ ಜಯ. ನಮ್ಮಲ್ಲೊಬ್ಬ ಶಿಸ್ತಿನ ಹುಡುಗ ಚೆಂದ ಕಾಣಲಿ ಅಂತ ಆ ಪಟ್ಟಿಯನ್ನು ಎ ಇಂದ ಜೆಡ್‌ವರೆಗೆ ಜೋಡಿಸಿದ. ಕಂಪೈಲೇನೋ ಆಯ್ತು, ಸಂಜೆ ಸರ್ವರಿನಲ್ಲಿ 'ನೋ ಸಚ್ ಮೆಥಡ್' ಎರರ್. ಪಾಪ, ಬೈಸಿಕೊಂಡಿದ್ದು ಅವನು. (ಗ್ರೇಡಲ್ ಬಳಸುವವರು ನಗಬೇಡಿ. ಅದು ಹೊಸದನ್ನು ಆರಿಸುತ್ತೆ, ಆದರೆ ಹೊಸದು ಹಳೆಯ ಕೋಡಿಗೆ ಒಗ್ಗಲೇಬೇಕು ಅಂತೇನಿಲ್ಲ.)

2021ರ ಡಿಸೆಂಬರ್ ನೆನಪಿದೆಯಾ? ಲಾಗ್‌ಫೋರ್‌ಜೆಯ ತೂತು ಬಯಲಾದ ತಿಂಗಳು. ಲಾಗಿಗೆ ಬೀಳುವ ಒಂದೇ ಒಂದು ಸಾಲಿನಿಂದ ಯಾರೋ ಹೊರಗಿನವನು ನಮ್ಮ ಸರ್ವರಿನಲ್ಲಿ ತನ್ನ ಕೋಡ್ ಓಡಿಸಬಹುದಿತ್ತು. 2.15.0 ಬಂತು. ಅದು ಸಾಲದು ಅಂತ 2.16.0, ಆಮೇಲೆ 2.17.0, ತಿಂಗಳು ಮುಗಿಯೋದರೊಳಗೆ 2.17.1. ನಾನಾಗ ಕೆಲಸ ಮಾಡುತ್ತಿದ್ದ ಕಡೆ ಮೂವತ್ತಕ್ಕೂ ಹೆಚ್ಚು ಮಾಡ್ಯೂಲು, ಒಂದೊಂದರಲ್ಲಿ ಒಂದೊಂದು ವರ್ಷನ್ನು, ಬರೆದವರು ಕೆಲಸ ಬಿಟ್ಟು ಯಾವ ಕಾಲವಾಯಿತೋ. "ನಮ್ಮಲ್ಲಿರೋದು ಯಾವ ವರ್ಷನ್?" ಅಂತ ಮ್ಯಾನೇಜರ್ ಕೇಳಿದ ಮೂರು ಪದದ ಪ್ರಶ್ನೆಗೆ ಉತ್ತರ ಹುಡುಕಲು ಒಂದೂವರೆ ದಿನ. ಆಮೇಲೆ ನಾಲ್ಕು ಸಲ ತಿದ್ದಿದ್ದು, ಪ್ರತಿ ಸಲವೂ ಮೂವತ್ತು ಕಡೆ. ಮೂರನೇ ಸಲ ಒಂದು ಮಾಡ್ಯೂಲ್ ಕೈತಪ್ಪಿತು. ಗ್ರಾಹಕರು ಲಾಗಿನ್ ಆಗುವ ಮಾಡ್ಯೂಲೇ ಅದು! ಪಕ್ಕದ ತಂಡದವರು ಒಂದು ಸಾಲು ಬದಲಿಸಿ, ಬಿಲ್ಡ್‌ಗೆ ಬಿಟ್ಟು, ಊಟಕ್ಕೆ ಹೋಗಿದ್ದರು.

ಅವರು ಮಾಡಿದ್ದೇನು ಮಹಾ? ವರ್ಷನ್‌ಗಳನ್ನೆಲ್ಲ ಪೇರೆಂಟ್ ಪಾಮ್‌ನ 'ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್' ವಿಭಾಗದಲ್ಲಿ ಬರೆದಿದ್ದರು, ಮಕ್ಕಳ ಪಾಮ್‌ಗಳಲ್ಲಿ ಬರೀ ಹೆಸರು. ಅಲ್ಲಿ ಬರೆದ ಮಾತ್ರಕ್ಕೆ ಜಾರ್ ಬಂದು ಕೂರುವುದಿಲ್ಲ. ಬಂದರೆ ಇದೇ ವರ್ಷನ್ ಬರಲಿ ಅನ್ನೋ ಕಟ್ಟಳೆ ಅಷ್ಟೆ. ಬಹಳ ಜನಕ್ಕೆ ಗೊತ್ತಿಲ್ಲ, ಯಾರೋ ಎಳೆದು ತಂದ, ನಾವು ಹೆಸರೇ ಕೇಳದ ಜಾರ್‌ಗೂ ಈ ಕಟ್ಟಳೆ ಅನ್ವಯಿಸುತ್ತೆ. ಆದರೆ ಮಗುವಿನ ಪಾಮ್‌ನಲ್ಲಿ ಯಾರಾದರೂ ಸ್ವಂತ ವರ್ಷನ್ ಬರೆದರೋ, ಅಲ್ಲಿ ಅವರದ್ದೇ ದರ್ಬಾರು. ಅದಕ್ಕೇ ರಿವ್ಯೂನಲ್ಲಿ ಅಂಥದ್ದು ಕಂಡರೆ ವಾಪಸ್ ಕಳಿಸುತ್ತೇನೆ. ಕಿರಿಕ್ ಆಸಾಮಿ ಅಂತ ಹೆಸರು ಬಂದಿದೆ, ಬರಲಿ.

"ಒಂದು ಕಡೆ ಬದಲಿಸಿದರೆ ಎಲ್ಲ ಮಾಡ್ಯೂಲೂ ಟೆಸ್ಟ್ ಮಾಡಬೇಕಲ್ಲ?" ಅನ್ನುತ್ತಾರೆ. ಹೌದು, ಮಾಡಬೇಕು! ಒಂದೇ ಅಪ್ಲಿಕೇಶನ್ನಿಗೆ ಸೇರುವ ಮಾಡ್ಯೂಲುಗಳನ್ನು ಬೇರೆ ಬೇರೆ ವರ್ಷನ್ನಿನ ಜೊತೆ ಟೆಸ್ಟ್ ಮಾಡಿ, ಕೊನೆಗೆ ಅಷ್ಟನ್ನೂ ಯಾವುದೋ ಒಂದರ ಜೊತೆ ಓಡಿಸೋದು ಟೆಸ್ಟಿಂಗ್ ಹೇಗಾಗುತ್ತೆ?

ಕಳೆದ ವಾರ ಈಗಿನ ಆಫೀಸಿನಲ್ಲಿ ಎನ್‌ಫೋರ್ಸರ್ ಪ್ಲಗಿನ್ನಿನ 'ಡಿಪೆಂಡೆನ್ಸಿ ಕನ್ವರ್ಜೆನ್ಸ್' ನಿಯಮ ಹಾಕಿದೆ. ಒಂದೇ ಜಾರ್‌ಗೆ ಎರಡು ವರ್ಷನ್ ಸಿಕ್ಕರೆ ಬಿಲ್ಡ್ ನಿಂತೇಹೋಗುತ್ತೆ. ನಿಂತಿತು ಕೂಡ. "ಸದ್ಯಕ್ಕೆ ತೆಗೆದುಬಿಡೋಣ" ಅಂದವರೇ ಹೆಚ್ಚು. ನಾನು ತೆಗೆದಿಲ್ಲ. ಅತಿ ಹೆಚ್ಚು ಜಗಳ ಸಿಕ್ಕಿದ್ದು ಕಾಫಿ ಮಹಾಶಯರ ಮಾಡ್ಯೂಲಿನಲ್ಲೇ. ಈಗ ಅವರು ನನ್ನ ಜೊತೆ ಕಾಫಿಗೆ ಬರುತ್ತಿಲ್ಲ.