ಬ್ರೇಕ್ ಆಯಿಲ್ ತುಂಬಿಸಿದರೆ ಸಾಲದು, ಬದಲಿಸಬೇಕು

ನಮ್ಮ ರೈತ ಬಾಂಧವರು ಎಂಜಿನ್ ಆಯಿಲ್ ಬದಲಿಸುವುದನ್ನು ಮರೆಯುವುದಿಲ್ಲ. ಹಂಗಾಮಿಗೆ ಮುನ್ನ ಟ್ರ್ಯಾಕ್ಟರಿಗೆ ಗ್ರೀಸ್ ಹೊಡೆಯುತ್ತಾರೆ, ಪಂಪ್‌ಸೆಟ್ಟನ್ನು ಬಿಚ್ಚಿ ನೋಡುತ್ತಾರೆ. ಆದರೆ ಮನೆಯ ಮುಂದೆ ನಿಂತ ಕಾರು, ಜೀಪು ಅಥವಾ ಪಿಕಪ್ ಗಾಡಿಯ ಬ್ರೇಕ್ ಆಯಿಲನ್ನು ಕೊನೆಯ ಸಲ ಯಾವಾಗ ಬದಲಿಸಿದಿರಿ ಎಂದು ಕೇಳಿದರೆ, ನವಲಗುಂದದಿಂದ ಕಲಘಟಗಿಯವರೆಗೆ ನನಗೆ ಸಿಕ್ಕ ಉತ್ತರ ಒಂದೇ: 'ಕಡಿಮಿ ಆದಾಗ ಹಾಕ್ತೀವ್ರಿ.' ಈ ರೂಢಿ ತಪ್ಪು, ಅಪಾಯಕರವೂ ಹೌದು ಎಂಬುದು ನನ್ನ ಅಭಿಪ್ರಾಯ.

ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಎಣ್ಣೆ. ಮೊದಮೊದಲು ಔಡಲ ಎಣ್ಣೆಗೆ ಮದ್ಯಸಾರ ಬೆರೆಸಿ ಬಳಸುತ್ತಿದ್ದರು. ಇಂದು ಹೆಚ್ಚಿನ ಗಾಡಿಗಳಲ್ಲಿರುವುದು ಗ್ಲೈಕಾಲ್ ಜಾತಿಯ ದ್ರವ. ಬಾಯಿ ತೆರೆದಿಟ್ಟ ಯೂರಿಯಾ ಚೀಲ ಮಳೆಗಾಲದಲ್ಲಿ ಪಸೆ ಹಿಡಿಯುವಂತೆ ಇದೂ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ 'ಡಾಟ್ 3' ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಅದರ ಪ್ರಮಾಣ. ಅದರಲ್ಲಿ ನೂರಕ್ಕೆ 3.7 ಭಾಗ ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. 'ಡಾಟ್ 4' ಆದರೆ 230 ರಿಂದ 155ಕ್ಕೆ.

ಇದರಿಂದಾಗುವ ಕೇಡೇನು? ನವಲಗುಂದದ ಎರಿ ಹೊಲಗಳ ನಡುವಿನ ಸಪಾಟು ರಸ್ತೆಯಲ್ಲಿ ಬ್ರೇಕು ಹೆಚ್ಚು ಕಾಯುವುದಿಲ್ಲವಾದ್ದರಿಂದ ದೋಷ ವರ್ಷಗಟ್ಟಲೆ ಅಡಗಿರುತ್ತದೆ. ಅದೇ ಗಾಡಿ ಮನೆಮಂದಿಯನ್ನೆಲ್ಲ ಹೊತ್ತು ಸವದತ್ತಿ ಎಲ್ಲಮ್ಮನ ಗುಡ್ಡದಿಂದ ಇಳಿಯುವಾಗ, ಇಲ್ಲವೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಬ್ರೇಕು ಕೆಂಡದಂತೆ ಕಾಯುತ್ತದೆ. ತೇವ ಕುಡಿದ ದ್ರವ ಕುದಿದು ಆವಿಯಾಗುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪಂಪಿನ ಹೀರುಕೊಳವೆಯಲ್ಲಿ ಗಾಳಿ ಸೇರಿದರೆ ಪಂಪು ತಿರುಗಿದರೂ ನೀರು ಬಾರದಂತೆ, ಇಲ್ಲಿ ಪೆಡಲು ತಳ ಮುಟ್ಟಿದರೂ ಗಾಡಿ ನಿಲ್ಲದು.

ಮೇಲಿಂದ ಮೇಲೆ ತುಂಬಿಸುವುದರಲ್ಲಿ ಇನ್ನೊಂದು ಕೆಡುಕಿದೆ. ದ್ರವದ ಮಟ್ಟ ನಿಧಾನವಾಗಿ ಇಳಿದರೆ ಬ್ರೇಕ್ ಪ್ಯಾಡ್ ಸವೆದಿದೆ ಎಂದರ್ಥ. ಬೇಗ ಇಳಿದರೆ ಎಲ್ಲೋ ಸೋರಿಕೆಯಿದೆ. ಕಾರಣ ಹುಡುಕದೆ ತುಂಬಿಸುವವನು ರೋಗವನ್ನು ಮುಚ್ಚಿಟ್ಟಂತೆ.

ಗಾಡಿಯ ಕೈಪಿಡಿ ಬೇರೆ ಅವಧಿ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಪೂರ್ತಿ ದ್ರವ ಬದಲಿಸುವುದು ಒಳಿತು. ಇದು ಮೆಕ್ಯಾನಿಕ್ಕನ ಕೆಲಸವೆಂದು ಕೆಲವರು ಹೇಳಬಹುದು. ಡೀಸೆಲ್ ಎಂಜಿನ್ನಿನ ಏರ್ ತೆಗೆಯಬಲ್ಲ ರೈತನಿಗೆ ಇದು ಅಸಾಧ್ಯವಲ್ಲ. ಆದರೆ ಇಬ್ಬರು ಬೇಕು, ಶಿಸ್ತೂ ಬೇಕು.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಗಾಲಿಗಳಿಗೆ ಕಲ್ಲು ಕೊಡಿರಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ಹೋಗಬೇಡಿರಿ. ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿದ ದ್ರವವನ್ನೇ, ಸೀಲು ಒಡೆಯದ ಡಬ್ಬಿಯಿಂದ ಬಳಸಿರಿ. ಸಣ್ಣ ಕಾರಿಗೆ ಒಂದು ಲೀಟರಿನಷ್ಟು ಸಾಕು. ಮನೆಯಲ್ಲಿದ್ದ ಎಂಜಿನ್ ಆಯಿಲ್ ಹನಿಯಷ್ಟು ಬಿದ್ದರೂ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

ಡಬ್ಬಿಯಲ್ಲಿನ ಹಳೆಯ ದ್ರವವನ್ನು ಸ್ವಚ್ಛ ಸಿರಿಂಜಿನಿಂದ ಹೀರಿ ತೆಗೆದು ಹೊಸದನ್ನು ತುಂಬಿರಿ. ಸಾಮಾನ್ಯವಾಗಿ ಅತಿ ದೂರದ ಹಿಂದಿನ ಎಡಗಾಲಿಯಿಂದ ಆರಂಭಿಸುತ್ತಾರೆ. ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಪಾಲಿಸಿರಿ. ಗಾಲಿಯ ಹಿಂಬದಿಯ ನಿಪ್ಪಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ ಅದರ ತುದಿಯನ್ನು ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿರಿ. ಮಗ ಪೆಡಲು ಒತ್ತಿ 'ಹಿಡದೇನಪ್ಪಾ' ಎಂದ ಮೇಲೆಯೇ ತಂದೆ ನಿಪ್ಪಲು ಸಡಿಲಿಸಬೇಕು. ಅದನ್ನು ಬಿಗಿದ ಮೇಲೆಯೇ 'ಬಿಡು' ಎನ್ನಬೇಕು. ಈ ಕ್ರಮ ತಪ್ಪಿದರೆ ಗಾಳಿ ಒಳಹೋಗುತ್ತದೆ. ಗುಳ್ಳೆ ನಿಂತು ತಿಳಿಯಾದ ದ್ರವ ಬರುವತನಕ ಹೀಗೆ ಮಾಡಿ ಮುಂದಿನ ಗಾಲಿಗೆ ಹೋಗಿರಿ. ಮೇಲಿನ ಡಬ್ಬಿ ನಡುವೆ ಬರಿದಾಗಬಾರದು. ಕ್ಲಚ್ಚು ಕೇಬಲ್ಲಿನದಲ್ಲದೆ ದ್ರವದ್ದಾಗಿದ್ದರೆ ಅದರ ನಿಪ್ಪಲಿಗೂ ಇದೇ ಕ್ರಮ. ಗೇರು ಬೀಳಲು ತಕರಾರು ಮಾಡುವ ಎಷ್ಟೋ ಗಾಡಿಗಳಲ್ಲಿ ತಪ್ಪು ಗೇರಿನದಲ್ಲ, ಕ್ಲಚ್ಚಿನ ನಾಳದಲ್ಲಿ ಸೇರಿದ ಗಾಳಿಯದು.

ನಮ್ಮ ಬಹಳಷ್ಟು ಟ್ರ್ಯಾಕ್ಟರುಗಳ ಬ್ರೇಕು ಸಲಾಕೆಯಿಂದ ನಡೆಯುವಂಥದು. ಅವುಗಳಿಗೆ ಈ ದ್ರವ ಹಾಕಬಾರದು.

ಎಲ್ಲಿ ಕೈ ನಿಲ್ಲಿಸಬೇಕೆಂಬುದನ್ನೂ ಅರಿಯಬೇಕು. ನಿಪ್ಪಲು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಎಬಿಎಸ್ ಇರುವ ಗಾಡಿಯಲ್ಲಿ ಡಬ್ಬಿ ಬರಿದಾಗಿದ್ದರೆ, ಕೆಲಸ ಮುಗಿದ ಮೇಲೂ ಪೆಡಲು ಮೆತ್ತಗಿದ್ದರೆ ಗಾಡಿಯನ್ನು ರಸ್ತೆಗಿಳಿಸದೆ ಬಲ್ಲ ಮೆಕ್ಯಾನಿಕ್ಕನನ್ನು ಮನೆಗೇ ಕರೆಸಿರಿ. ಪೆಡಲು ಗಟ್ಟಿಯಾಗಿದ್ದರೂ ಮೊದಲು ಅಂಗಳದಲ್ಲಿ ನಿಧಾನವಾಗಿ ಓಡಿಸಿ ನೋಡಿರಿ.

ಹಳೆಯ ದ್ರವ ವಿಷ. ಅದನ್ನು ಬಾವಿಯ ಹತ್ತಿರ ಚೆಲ್ಲಬೇಡಿರಿ, ನೀರಿನ ಬಾಟಲಿಯಲ್ಲಿ ಇಡಬೇಡಿರಿ. ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಮುಚ್ಚಿಟ್ಟು ಗ್ಯಾರೇಜಿಗೆ ಕೊಡಿರಿ. ಗಾಡಿಯ ಬಣ್ಣದ ಮೇಲೆ ಬಿದ್ದರೆ ಒಡನೆ ನೀರಿನಿಂದ ತೊಳೆಯಿರಿ.

ಬಿತ್ತಿದ ದಿನ, ಗೊಬ್ಬರ ಹಾಕಿದ ದಿನ ಬರೆದಿಡುವ ವಹಿಯಲ್ಲಿಯೇ ಬ್ರೇಕ್ ಆಯಿಲ್ ಬದಲಿಸಿದ ದಿನವನ್ನೂ ಬರೆದಿಡಿರಿ. ಬೆಳೆ ಕೈಕೊಟ್ಟರೆ ಮುಂದಿನ ಹಂಗಾಮು ಇದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ ಎರಡನೆಯ ಅವಕಾಶವಿಲ್ಲ.