ಮಾರಾಟಕ್ಕಿರುವ ವಿಮಾನದ ಜಾತಕ

ಅಮೆರಿಕದಲ್ಲಿ ಸ್ವಂತಕ್ಕೊಂದು ಸಣ್ಣ ವಿಮಾನವನ್ನು ಇಟ್ಟುಕೊಳ್ಳುವುದು ಕುಬೇರರಿಗೆ ಮಾತ್ರ ಸಲ್ಲುವ ವಿಲಾಸವೆಂದು ನಾವು ಭಾವಿಸುವುದುಂಟು. ವಾಸ್ತವದಲ್ಲಿ ಅಲ್ಲಿಯ ವೈದ್ಯರೂ ರೈತರೂ ಸಣ್ಣ ವ್ಯಾಪಾರಿಗಳೂ ನಾಲ್ಕು ಆಸನಗಳ ಸೆಸ್ನಾ 172ರಂಥ ವಿಮಾನವೊಂದನ್ನು ಊರ ಹೊರಗಿನ ಕಿರುನಿಲ್ದಾಣದಲ್ಲಿ ನಿಲ್ಲಿಸಿಕೊಂಡಿದ್ದು, ಬಿಡುವಾದಾಗ ಹಾರಿಸಿ, ವಯಸ್ಸಾದಾಗಲೋ ದೃಷ್ಟಿ ಮಂದವಾದಾಗಲೋ ಅದನ್ನು ಮತ್ತೊಬ್ಬರಿಗೆ ಮಾರಿಬಿಡುವುದು ವಾಡಿಕೆಯ ಸಂಗತಿ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ವಿಮಾನಗಳು ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. 1986ರಿಂದ ಸುಮಾರು ಹತ್ತು ವರ್ಷ ಕಾರ್ಖಾನೆಯು ಅವುಗಳ ನಿರ್ಮಾಣವನ್ನೇ ನಿಲ್ಲಿಸಿದ್ದುದರಿಂದ, ಕೊಳ್ಳುವವನ ಕಣ್ಣಿಗೆ ಬೀಳುವವುಗಳಲ್ಲಿ ನಲವತ್ತು ಐವತ್ತು ವರ್ಷ ದಾಟಿದವೇ ಬಹಳ. ಅಷ್ಟು ಹಳೆಯ ಯಂತ್ರವನ್ನು ನಂಬಿ ಹಣವನ್ನೂ ಪ್ರಾಣವನ್ನೂ ಒಪ್ಪಿಸುವ ಧೈರ್ಯ ಒಬ್ಬನಿಗೆ ಬರುವುದೆಂತು? ‘ಚೆನ್ನಾಗಿ ನೋಡಿಕೊಂಡ ವಿಮಾನ’ ಎಂದು ಮಾರುವವನು ಜಾಹೀರಾತಿನಲ್ಲಿ ಬರೆದ ಮಾತಿನಿಂದ ಖಂಡಿತ ಅಲ್ಲ. ಕೆಟ್ಟದಾಗಿ ನೋಡಿಕೊಂಡೆನೆಂದು ಬರೆದವರನ್ನು ಯಾರೂ ಕಂಡಿಲ್ಲ.

ಧೈರ್ಯ ಬರುವುದು ವಿಮಾನದೊಡನೆ ಕೈಬದಲಾಗುವ ಲಾಗ್ ಪುಸ್ತಕಗಳಿಂದ. ಒಡಲಿಗೊಂದು, ಎಂಜಿನ್ನಿಗೊಂದು, ಪ್ರೊಪೆಲ್ಲರಿಗೊಂದು ಎಂದು ಸಾಮಾನ್ಯವಾಗಿ ಪ್ರತ್ಯೇಕವಾಗಿ ಇಡುವ ಈ ಪುಸ್ತಕಗಳಲ್ಲಿ, ವರ್ಷಕ್ಕೊಮ್ಮೆ ಕಡ್ಡಾಯವಾಗಿ ನಡೆಯುವ ತಪಾಸಣೆಯ ಕಾಲದಲ್ಲಿ ಅಧಿಕೃತ ಮೆಕ್ಯಾನಿಕನು ಕಂಡದ್ದೇನು, ಬದಲಿಸಿದ್ದೇನು, ಅಂದಿಗೆ ವಿಮಾನವು ಎಷ್ಟು ಗಂಟೆ ಹಾರಿತ್ತು, ಒಂದೊಂದು ಸಿಲಿಂಡರಿಗೂ 80 ಪೌಂಡಿನ ಒತ್ತಡದಲ್ಲಿ ಗಾಳಿ ಹಾಯಿಸಿದಾಗ ಒಳಗೆ ನಿಂತದ್ದು 76 ಆಗಿತ್ತೋ 62 ಆಗಿತ್ತೋ ಎಂಬುದೆಲ್ಲ ದಿನಾಂಕ, ಸಹಿ, ಪರವಾನಗಿ ಸಂಖ್ಯೆಗಳ ಸಹಿತ ದಾಖಲಾಗಿರುತ್ತದೆ. ನಿಯಮವು ಬಯಸುವುದು ಇದರ ಅಲ್ಪಭಾಗವನ್ನು ಮಾತ್ರ: ಒಟ್ಟು ಹಾರಿದ ಗಂಟೆಗಳು, ಸುರಕ್ಷತೆಗಾಗಿ ಸರ್ಕಾರ ಹೊರಡಿಸಿದ ಆದೇಶಗಳ ಪಾಲನೆ ಮೊದಲಾದ ಕೆಲವು ದಾಖಲೆಗಳು ಮಾರಾಟದೊಡನೆ ಹೋಗತಕ್ಕದ್ದು, ಸಾಧಾರಣ ದುರಸ್ತಿಯ ಬರಹವನ್ನು ಒಂದು ವರ್ಷ ಕಳೆದ ಮೇಲೆ ಎಸೆದರೂ ಕೇಳುವವರಿಲ್ಲ. ಆದರೂ ಬುದ್ಧಿಯುಳ್ಳ ಒಡೆಯನು ಮೊದಲ ದಿನದಿಂದ ಕಡೆಯ ದಿನದವರೆಗಿನ ಹಾಳೆಗಳನ್ನೆಲ್ಲ ಜೋಪಾನ ಮಾಡುತ್ತಾನೆ, ಏಕೆಂದರೆ ಪುಸ್ತಕ ಕಳೆದುಹೋದ ವಿಮಾನದ ಬೆಲೆ, ಅದು ಎಷ್ಟೇ ಸೊಗಸಾಗಿ ಹಾರುತ್ತಿರಲಿ, ಥಟ್ಟನೆ ಕುಸಿಯುತ್ತದೆ.

ಈ ಪುಸ್ತಕಗಳನ್ನು ಓದುವುದಕ್ಕೂ ಪರಿಣತಿ ಬೇಕು. ಹಾರಿದ್ದು ಕಡಿಮೆಯಾದಷ್ಟೂ ವಿಮಾನ ಹೊಸದಿದ್ದಂತೆ ಎಂದು ಅನನುಭವಿಗಳು ತರ್ಕಿಸುತ್ತಾರೆ. ಆದರೆ 172ರ ಬಹುಪಾಲು ವಿಮಾನಗಳಲ್ಲಿರುವ ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಎಂಬ ಅವಯವವು ಮೇಲ್ಭಾಗದಲ್ಲಿ ಇರುವುದರಿಂದ, ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿ ಸುಮ್ಮನೆ ನಿಂತ ವಿಮಾನದಲ್ಲಿ ಅದರ ಮೇಲಣ ಎಣ್ಣೆಯೆಲ್ಲ ಕೆಳಗಿಳಿದು, ತೇವ ಹಿಡಿದು, ತುಕ್ಕಿನ ಚುಕ್ಕೆಗಳು ಮೂಡಿ, ಮುಂದೆ ಹಾರಾಟ ಆರಂಭವಾದೊಡನೆ ಲೋಹವು ಲೋಹವನ್ನು ಸವೆಸತೊಡಗುತ್ತದೆ. ಎಂಜಿನ್ನನ್ನು ಪೂರ್ತಿ ಬಿಚ್ಚಿ ನವೀಕರಿಸುವುದಕ್ಕೆ ತಯಾರಕರು 2,000 ಗಂಟೆಗಳ ಜೊತೆಗೆ 12 ವರ್ಷಗಳ ಮಿತಿಯನ್ನೂ ಸೂಚಿಸಿರುವುದು ನಿಷ್ಕಾರಣವಾಗಿಯಲ್ಲ. ಆದಕಾರಣ ವಾರವಾರವೂ ಹಾರಿ 1,400 ಗಂಟೆ ಕಳೆದ ಎಂಜಿನ್ನನ್ನು, ಹತ್ತು ವರ್ಷದಲ್ಲಿ 150 ಗಂಟೆ ಮಾತ್ರ ತಿರುಗಿದ ಎಂಜಿನ್ನಿಗಿಂತ ನಾನು ಹೆಚ್ಚು ನಂಬುವೆನು.

ಇಷ್ಟೆಲ್ಲ ಬರಹವಿದ್ದೂ ಈ ವ್ಯಾಪಾರದಲ್ಲಿ ಒಂದು ದುರಭ್ಯಾಸ ಬೇರೂರಿದೆ. ಅದರ ದೋಷ ಮಾರುವವರಿಗಿಂತ ಕೊಳ್ಳುವವರದೇ ಹೆಚ್ಚೆಂದು ನನ್ನ ಅಭಿಪ್ರಾಯ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಹುಟ್ಟಿಸಿದವರು ಹೆಣ್ಣು ಹೆತ್ತವರಲ್ಲ, ಜಾತಕದಲ್ಲಿ ಎಳ್ಳಷ್ಟು ದೋಷವಿದ್ದರೂ ಬೇಡವೆನ್ನುವ ಬೀಗರು. ವಿಮಾನದ ಜಾಹೀರಾತಿನಲ್ಲಿ ‘ಪೆಟ್ಟು ಬಿದ್ದ ಇತಿಹಾಸವಿಲ್ಲ’ ಎಂಬ ವಾಕ್ಯಕ್ಕೆ ಇರುವ ಮಾನ್ಯತೆಯೂ ಅಂಥದೇ. ಹಲವರು ವಿದ್ಯಾರ್ಥಿಗಳು ಕಲಿತ ವಿಮಾನವೊಂದು ಎಂದೋ ಮೂಗುಚಕ್ರ ಊರುವಂತೆ ಬಿರುಸಾಗಿ ಇಳಿದು, ಎಂಜಿನ್ನಿನ ಹಿಂದಿನ ಫೈರ್‌ವಾಲ್ ತಗಡು ಸುಕ್ಕುಗಟ್ಟಿ, ಅನಂತರ ಯಥಾವಿಧಿಯಾಗಿ ದುರಸ್ತಿಗೊಂಡು ಮೂವತ್ತು ವರ್ಷ ನಿರಾತಂಕವಾಗಿ ಹಾರಿದ್ದರೂ, ಆ ಒಂದು ನಮೂದಿಗಾಗಿ ಬೆಲೆಯನ್ನು ಎಳೆಯುವವರಿದ್ದಾರೆ. ಸತ್ಯ ನುಡಿದವನಿಗೆ ದಂಡ ವಿಧಿಸಿದರೆ, ಮುಂದಿನವನು ಆ ಹಾಳೆಯನ್ನೇ ಹರಿದು ‘ಪುಸ್ತಕ ಕಳೆದುಹೋಯಿತು’ ಎನ್ನುತ್ತಾನೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಅವರು 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ನಿದರ್ಶನದಿಂದ ತೋರಿಸಿದ್ದು ಇದಕ್ಕೆ ಸಮೀಪದ ವಿಷಯವನ್ನೇ: ಒಳ್ಳೆಯದನ್ನೂ ಕೆಟ್ಟದ್ದನ್ನೂ ವಿಂಗಡಿಸಲಾರದ ಗಿರಾಕಿಯು ಎಲ್ಲಕ್ಕೂ ಮಧ್ಯಮ ಬೆಲೆಯನ್ನೇ ಕಟ್ಟುತ್ತಾನೆ, ಆ ಬೆಲೆಗೆ ಒಳ್ಳೆಯ ಸರಕಿನ ಒಡೆಯನು ಮಾರಲೊಪ್ಪದೆ ಸಂತೆಯಿಂದ ಹಿಂದಿರುಗುತ್ತಾನೆ.

ಮುಚ್ಚಿಟ್ಟದ್ದು ಬಹುಕಾಲ ಮುಚ್ಚಿರುವುದೂ ಇಲ್ಲ. ದೊಡ್ಡ ದುರಸ್ತಿಯಾದಾಗ ತುಂಬಬೇಕಾದ 337ನೆಯ ನಮೂನೆಯ ಒಂದು ಪ್ರತಿ ಓಕ್ಲಹೋಮ ಸಿಟಿಯಲ್ಲಿರುವ ಸರ್ಕಾರಿ ಕಡತವನ್ನು ಸೇರುತ್ತದೆ. ಯಾರು ಕೇಳಿದರೂ ಅದರ ನಕಲು ದೊರೆಯುತ್ತದೆ. ಕೊಳ್ಳುವವನ ಕಡೆಯ ಮೆಕ್ಯಾನಿಕನಾದರೋ ದೀಪ ಹಿಡಿದು ಬಗ್ಗಿ, ಹಳೆಯ ರಿವೆಟ್ಟುಗಳ ಸಾಲಿನಲ್ಲಿ ಹೊಳೆಯುವ ನಾಲ್ಕು ಹೊಸ ರಿವೆಟ್ಟುಗಳನ್ನು ಕ್ಷಣಾರ್ಧದಲ್ಲಿ ಗುರುತಿಸಿಬಿಡುತ್ತಾನೆ. ಹೀಗಿರುವಾಗ ಪೆಟ್ಟಿನ ಸಂಗತಿಯನ್ನು ಜಾಹೀರಾತಿನ ಮೊದಲ ಸಾಲಿನಲ್ಲಿಯೇ, ದುರಸ್ತಿ ಮಾಡಿದವರ ಹೆಸರು ಮತ್ತು ವರ್ಷದೊಡನೆ, ಬರೆದುಬಿಡುವುದು ಮಾರುವವನಿಗೆ ಲಾಭದಾಯಕ; ಅಂಥವನಿಗೆ ಪೂರ್ಣ ಬೆಲೆಯನ್ನೋ ಅದಕ್ಕೆ ತೀರ ಹತ್ತಿರದ್ದನ್ನೋ ಕೊಡುವುದು ಕೊಳ್ಳುವವನಿಗೆ ನ್ಯಾಯ. ತಪಾಸಣೆಗೆ ತನ್ನ ಮೆಕ್ಯಾನಿಕನೇ ಸಾಕೆಂದು ಹಟ ಹಿಡಿಯುವ ಮಾರಾಟಗಾರನಿಂದ ಮಾತ್ರ ದೂರವಿರುವುದು ಲೇಸು. ಹಾರಾಟಕ್ಕೇ ಅನರ್ಹಗೊಳಿಸುವ ದೋಷ ಕಂಡುಬಂದಲ್ಲಿ ಅದನ್ನು ಸರಿಪಡಿಸುವ ವೆಚ್ಚ ಮಾರುವವನದು, ಉಳಿದವು ಚೌಕಾಸಿಗೆ ಬಿಟ್ಟವು ಎಂದು ಮುಂಗಡ ಪಡೆಯುವ ಮೊದಲೇ ಕಾಗದದಲ್ಲಿ ಬರೆದುಕೊಂಡರೆ, ಜಗಳಕ್ಕೆ ಎಡೆ ಉಳಿಯುವುದು ಎಂಜಿನ್ನಿನಲ್ಲಿ ಉಳಿದಿರುವ ಗಂಟೆಗಳಿಗೆ ಎಷ್ಟು ಡಾಲರ್ ಎಂಬ ಒಂದೇ ವಿಷಯದಲ್ಲಿ. ಅಷ್ಟು ಜಗಳ ಯಾವ ವ್ಯಾಪಾರದಲ್ಲಿಯೂ ಇರತಕ್ಕದ್ದೇ.