ಕೋಲು ಮುಟ್ಟಿದರೆ 60,000 ರೂಪಾಯಿ!

ಮುಳಬಾಗಿಲಿನ ನರಸಿಂಹತೀರ್ಥವನ್ನು ಜನ ಪುಣ್ಯಭೂಮಿಯೆಂದು ನಂಬುತ್ತಾರೆ. ನಂಬಲಿ, ನಮ್ಮ ತಕರಾರಿಲ್ಲ. ಅಲ್ಲಿರುವುದು ಶ್ರೀಪಾದರಾಜರ ವೃಂದಾವನ. ಸಂಸ್ಕೃತದಲ್ಲಿ 'ವಾಗ್ವಜ್ರ'ದಂಥ ಶಾಸ್ತ್ರಗ್ರಂಥ ಬರೆದ ಪಂಡಿತರು, ಮಠಾಧಿಪತಿಗಳು. ಆದರೂ 15ನೇ ಶತಮಾನದಲ್ಲೇ ತಮ್ಮ ರಂಗವಿಠಲನನ್ನು ಅವರು ಕನ್ನಡದಲ್ಲಿ ಕೂಗಿ ಕರೆದರು. ಸಂತೆಯ ಜನಕ್ಕೂ ತಿಳಿಯುವ ಮಾತು ದೇವರ ಮುಂದಿನ ಹಾಡಾಯಿತು. ಅವರಲ್ಲಿ ಓದಿದವರು ವ್ಯಾಸರಾಯರು. ವ್ಯಾಸರಾಯರ ಬಳಿಗೆ ಬಂದವರು ಪುರಂದರದಾಸರು, ಕನಕದಾಸರು. ಆ ಕನಕನನ್ನು ಉಡುಪಿಯ ಗುಡಿಯ ಹೊರಗೇ ನಿಲ್ಲಿಸಿದ ಕಥೆ ಯಾರಿಗೆ ತಿಳಿಯದು? ದೇವರೇ ತಿರುಗಿ ನಿಂತನೆಂದು ಕಿಂಡಿಗೆ ಕೈಮುಗಿಯುತ್ತೇವೆ. ಬಾಗಿಲು ಹಾಕಿದವರಾರೆಂದು ಮಾತ್ರ ಕೇಳುವುದಿಲ್ಲ.

ಶ್ರೀಪಾದರಾಜರು ಜಾತಿ ಮುರಿದರೆಂದು ನಾವು ಸುಳ್ಳು ಹೇಳುವುದಿಲ್ಲ. ಅವರು ತೆರೆದದ್ದು ಭಾಷೆಯ ಬಾಗಿಲು. ಗುಡಿಯ ಬಾಗಿಲು ಹಾಗೆಯೇ ಉಳಿಯಿತು.

ಇದು ಹಳೆಯ ಕಥೆಯೆನ್ನುವ ಮಹಾಶಯರು ಮಾಲೂರು ತಾಲ್ಲೂಕಿಗೆ ಬರಲಿ. 2022ರ ಸೆಪ್ಟೆಂಬರಿನಲ್ಲಿ, ಉಳ್ಳೇರಹಳ್ಳಿಯ ಭೂತಮ್ಮನ ಜಾತ್ರೆಯಲ್ಲಿ, 15 ವರ್ಷದ ದಲಿತ ಹುಡುಗನೊಬ್ಬ ಸಿಡಿರಣ್ಣ ದೇವರ ಕೋಲು ಮುಟ್ಟಿದ. ದೇವರು ಮೈಲಿಗೆಯಾದನಂತೆ! ಊರ ಯಜಮಾನರು ಸೇರಿ ವಿಧಿಸಿದ ದಂಡ 60,000 ರೂಪಾಯಿ. ಕಟ್ಟದಿದ್ದರೆ ಊರು ಬಿಡಬೇಕು. ಓದುಗರೇ, ನೀವೇ ಲೆಕ್ಕ ಹಾಕಿ. ದಿನಕ್ಕೆ 500 ರೂಪಾಯಿ ಕೂಲಿಯೆಂದರೂ 120 ದಿನದ ಬೆವರು. ಒಂದು ಕೋಲಿಗೆ! ಸುದ್ದಿ ಪತ್ರಿಕೆಗಳಿಗೆ ಬಂದ ಮೇಲೆ ಅಧಿಕಾರಿಗಳು ಬಂದರು, ಮೊಕದ್ದಮೆಯೂ ಆಯಿತು. ದೇವರಿಗೆ ನಾವು ಬೇಡವಾದರೆ ಅಂಬೇಡ್ಕರರನ್ನೇ ಪೂಜಿಸುತ್ತೇವೆಂದು ಹುಡುಗನ ತಾಯಿ ಹೇಳಿದರು. ಆ ಮನೆಯ ಭಕ್ತಿಯನ್ನು ಕೆಡಿಸಿದವರು ನಾಸ್ತಿಕರೇ? ಅಲ್ಲ, ದೇವರ ಗುತ್ತಿಗೆ ಹಿಡಿದವರು. ನರಸಿಂಹತೀರ್ಥದ ನೆಲ ಭಕ್ತಿಯಿಂದ ಪಾವನವಾಯಿತೆಂದರೆ, ಭಕ್ತಿಯ ಕೈಯೊಂದು ತಾಗಿ ಉಳ್ಳೇರಹಳ್ಳಿಯ ಕೋಲು ಕೆಟ್ಟದ್ದು ಹೇಗೆ?

'ಇದು ಊರ ಕಟ್ಟಳೆ, ಹೊರಗಿನವರು ತಲೆಹಾಕಬೇಡಿ' ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. 1950ರಿಂದ ಜಾರಿಯಲ್ಲಿರುವ ಸಂವಿಧಾನದ 17ನೇ ವಿಧಿ ಯಾವ ಊರನ್ನೂ ಹೊರಗಿಟ್ಟಿಲ್ಲ. ಗುಡಿಗೆ ಬರುವವರನ್ನು ತಡೆಯುವುದು ಅಪರಾಧವೆಂದು 1955ರಲ್ಲೇ ಕಾನೂನಾಗಿದೆ. ಕಾನೂನು ಹಾಗಿರಲಿ, ದುಡಿಮೆಯ ಮಾತಾಡೋಣ. ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಹೊರುವವನ, ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಇಳಿಸುವವನ ಜಾತಿಯನ್ನು ಯಾರೂ ಕೇಳುವುದಿಲ್ಲ. ಅವನು ಹೊತ್ತ ಹಣ್ಣು ನೈವೇದ್ಯಕ್ಕೆ ಆಗುತ್ತದೆ. ಅವನ ಹೆಗಲು ಮಾತ್ರ ದೇವರಿಗೆ ಆಗದು! ಜಾತ್ರೆಯ ವಂತಿಗೆ ಎತ್ತುವಾಗಲೂ ಅಷ್ಟೆ, ನೋಟಿಗೆ ಮೈಲಿಗೆಯಿಲ್ಲ.

ಅಂಗಡಿಯ ಬಂಧುಗಳೇ, ಮುಂದಿನ ಜಾತ್ರೆಗೆ ರಸೀದಿ ಪುಸ್ತಕ ಹಿಡಿದು ಬಂದವರನ್ನು ಒಂದು ಮಾತು ಕೇಳಿ: ದೇವರ ಕೋಲಿಗೆ ಹೆಗಲು ಕೊಡುವ ಹಕ್ಕು ಊರಿನ ಎಲ್ಲ ಕೇರಿಗಳಿಗೂ ಇದೆಯೇ? ಇದೆಯೆಂದು ನಾಲ್ಕು ಜನರೆದುರು ಹೇಳುವ ತನಕ ಗಲ್ಲಾಪೆಟ್ಟಿಗೆ ತೆರೆಯಬೇಡಿ. ಕಾರ್ಖಾನೆಯ ಸಂಗಾತಿಗಳೂ ಸಂಬಳದಿಂದ ಒಂದು ಕಾಸು ಬಿಚ್ಚಬಾರದು.